ಕ್ರೇನಿನ ತುದಿಯಲ್ಲಿ ಸೊಂಟ ಹಿಡಿದಾಗ

ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿತ್ತು. ಅದರ ಟವರ್ ಕ್ರೇನ್ ನಡೆಸುತ್ತಿದ್ದವನು ವಾಜಿದ್. ನಲವತ್ತು ದಾಟಿದ ಮನುಷ್ಯ, ಮನೆ ಶಿವಾಜಿನಗರದಲ್ಲಿ, ಮಾತು ಕಡಿಮೆ. ಬೆಳಗ್ಗೆ ಏಣಿ ಹತ್ತಿ ಆ ಗಾಜಿನ ಕ್ಯಾಬಿನ್ ಸೇರಿದನೆಂದರೆ ಊಟದ ಡಬ್ಬಿಯೂ ಅಲ್ಲೇ, ನಮಾಜೂ ಅಲ್ಲೇ, ಇಳಿಯುವುದು ಸಂಜೆಗೆ. ವಾಜಿದ್ ಭಾಯ್ ಇಳಿಸಿದರೆ ಟನ್ನುಗಟ್ಟಲೆ ಕಂಬಿ ಕೂಡ ಧೂಳೆಬ್ಬಿಸದೆ ನೆಲ ಮುಟ್ಟುತ್ತದೆ ಎಂದು ಸೈಟಿನವರು ಹೇಳುತ್ತಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಕೇಳಿಸದವನಂತೆ ಇದ್ದುಬಿಡುತ್ತಿದ್ದ.

ಆದರೆ ಆ ಕೆಲಸದಲ್ಲಿ ಕೂರುವ ಭಂಗಿಯೇ ಸೊಂಟಕ್ಕೆ ವೈರಿ. ಎತ್ತಬೇಕಾದ್ದು, ಇಳಿಸಬೇಕಾದ್ದು ಎಲ್ಲ ಇರುವುದು ಕಾಲಿನ ಕೆಳಗೆ. ದಿನವಿಡೀ ಎರಡು ಮಂಡಿಗಳ ನಡುವಿನಿಂದ, ಕ್ಯಾಬಿನ್ನಿನ ತಳದ ಗಾಜಿನ ಮೂಲಕ ಇಣುಕಿ ನೋಡುತ್ತಿರಬೇಕು. ವರ್ಷಗಟ್ಟಲೆ ಹಾಗೆ ಬಗ್ಗಿದ ಬೆನ್ನು ಈ ಸಲ ಚಳಿಗಾಲದ ಒಂದು ಬೆಳಗ್ಗೆ ಹಾಸಿಗೆಯಿಂದ ಮೇಲೇಳಲು ಒಪ್ಪಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆಯಲ್ಲಿ ಏನೂ ಕಾಣಿಸುತ್ತಿಲ್ಲ, ಸ್ನಾಯುಗಳು ಬಿಗಿದುಕೊಂಡಿವೆ ಎಂದು ಹೇಳಿ, ಹಲಸೂರಿನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದ ಭಾಗ್ಯಲಕ್ಷ್ಮಿಯವರ ಬಳಿಗೆ ಕಳಿಸಿದರು.

ಭಾಗ್ಯಲಕ್ಷ್ಮಿ ಅವನನ್ನು ಮಂಚದ ಮೇಲೆ ಮಲಗಿಸಲಿಲ್ಲ. ಕೈಗೊಂದು ಟೆನಿಸ್ ಚೆಂಡು ಕೊಟ್ಟು ಗೋಡೆಗೆ ನಿಲ್ಲಿಸಿದರು.

“ಚೆಂಡನ್ನ ಬೆನ್ನಿಗೂ ಗೋಡೆಗೂ ಮಧ್ಯ ಇಟ್ಕೊಳ್ಳಿ. ಮೂಳೆ ಮೇಲೆ ಬರಬಾರ್ದು, ಪಕ್ಕದ ಮಾಂಸದ ಮೇಲೆ ಬರ್ಬೇಕು. ಮಂಡಿ ಸ್ವಲ್ಪ ಬಗ್ಗಿಸಿ, ನಿಧಾನಕ್ಕೆ ಮೇಲೆ ಕೆಳಗೆ ಉರುಳಿಸಿ. ನೋಯೋ ಜಾಗ ಸಿಕ್ತಾ? ಅಲ್ಲೇ ನಿಲ್ಲಿ. ಉಸಿರು ಬಿಡಿ.”

“ಜೋರಾಗಿ ಒತ್ತಬೇಕಾ ಮೇಡಂ?”

“ಒತ್ತುವಾಗ ನನ್ ಜೊತೆ ಮಾತಾಡೋಕೆ ಆಗ್ಬೇಕು. ಹಲ್ಲು ಕಚ್ಕೊಂಡ್ರಿ ಅಂದ್ರೆ ಜಾಸ್ತಿ ಆಯ್ತು. ಸ್ನಾಯುನ ಹೆದರಿಸಿದ್ರೆ ಇನ್ನೂ ಬಿಗಿಯುತ್ತೆ. ಒಪ್ಪಿಸ್ಬೇಕು.”

ಆಮೇಲೆ ಪಿರ್ರೆಯ ಕೆಳಗೆ ಮುಷ್ಟಿ ಇಟ್ಟು ಭಾರ ಬಿಡುವುದು, ಅಂಗೈಯ ಬುಡದಿಂದ ತೊಡೆಯ ಮೇಲ್ಭಾಗವನ್ನು ನೀವಿಕೊಳ್ಳುವುದು, ಸಡಿಲಾದ ಮೇಲಷ್ಟೇ ಹಿಗ್ಗಿಸುವುದು, ಎಲ್ಲವನ್ನೂ ಮಾಡಿಸಿದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. “ಕಂಪನಿಯವ್ರಿಗೆ ಹೇಳಿ. ಮಧ್ಯೆ ಮಧ್ಯೆ ಎದ್ದು ನಿಲ್ಲೋಕೆ ಬಿಡುವು ತಗೊಳ್ಳಿ. ಬರೀ ಚೆಂಡು ಉರುಳಿಸಿದ್ರೆ ಸಾಲಲ್ಲ.”

“ಹೇಳ್ತೀನಿ ಮೇಡಂ” ಎಂದ ವಾಜಿದ್. ಹೇಳಲಿಲ್ಲ.

ಹೇಳದಿರಲು ಅವನ ಕಣ್ಣಮುಂದೆ ಬಷೀರ್ ಇದ್ದ. ಬಷೀರ್ ಕೂಡ ಹಿಂದೆ ಕ್ರೇನ್ ನಡೆಸುತ್ತಿದ್ದವನೇ. ಸೊಂಟ ನೋವೆಂದು ಬಾಯಿ ಬಿಟ್ಟ ಮೇಲೆ ಕೆಳಗಿಳಿದವನು ಮತ್ತೆ ಹತ್ತಲಿಲ್ಲ. ಈಗ ಗೇಟಿನಲ್ಲಿ ಕೂತು ಬರುವ ಹೋಗುವ ಗಾಡಿಗಳಿಗೆ ಅಡ್ಡಗಂಬ ಎತ್ತುತ್ತಿದ್ದ. ಅವನಿಗೆ ಅದರಿಂದ ಬೇಸರವೇನೂ ಇದ್ದಂತಿರಲಿಲ್ಲ. ಆದರೆ ವಾಜಿದ್ ಗೇಟು ದಾಟುವಾಗೆಲ್ಲ ಅವನ ಕಡೆ ನೋಡದೆ ಸಲಾಂ ಹೇಳುತ್ತಿದ್ದ. ಸೈಟಿನ ಸೇಫ್ಟಿ ಆಫೀಸರ್ ನೋವೇನಾದರೂ ಇದೆಯಾ ಎಂದು ಕೇಳಿದಾಗೆಲ್ಲ ಇಲ್ಲ ಎನ್ನುತ್ತಿದ್ದ. ಹೆಂಡತಿ ಜಹನಾರಾ ಕೇಳಿದಾಗಲೂ, ಹಾಸಿಗೆ ಹಳೆಯದಾಯಿತು, ಅದಕ್ಕೇ ಬೆನ್ನು ಹಿಡಿದಿದೆ ಎಂದಿದ್ದ. ಚೆಂಡಿನ ಕೆಲಸವನ್ನೂ ನೋವಿದ್ದಾಗ ಮಾಡಿದ, ನೋವು ಇಳಿದಾಗ ಬಿಟ್ಟ. ಸೊಂಟಕ್ಕೊಂದು ಬೆಲ್ಟು ಬಿಗಿದುಕೊಂಡು ಏಣಿ ಹತ್ತುತ್ತಿದ್ದ.

ಮೇ ತಿಂಗಳ ಒಂದು ಮಧ್ಯಾಹ್ನ ಹೊಸಕೋಟೆ ಕಡೆಯಿಂದ ಮೋಡ ಕಟ್ಟಿತು. ಗಾಳಿ ಏಳುವುದರೊಳಗೆ ಒಂದೇ ಒಂದು ಕಂಬಿಯ ಕಟ್ಟನ್ನು ಮೇಲಿನ ಮಹಡಿಗೆ ಇಳಿಸಿ ಕೆಲಸ ನಿಲ್ಲಿಸಬೇಕಿತ್ತು. ಆ ಮಹಡಿಯಲ್ಲಿ ನಿಂತು ವಾಕಿಟಾಕಿಯಲ್ಲಿ ಸಂಜ್ಞೆ ಕೊಡುತ್ತಿದ್ದವನು ಸೂರ್ಯ. ಕೆ.ಆರ್. ಪುರದವನು, ಎರಡು ಮಕ್ಕಳ ತಂದೆ, ಈ ಕೆಲಸದಲ್ಲಿ ಪಳಗಿದವನು. ಆದರೂ ವಾಜಿದ್ ಅವನ ಮಾತನ್ನು ಕೇಳಿಸಿಕೊಂಡು, ತನ್ನ ಕಣ್ಣಿಂದ ನೋಡಿದ ಮೇಲೆಯೇ ಲಿವರ್ ಮುಟ್ಟುತ್ತಿದ್ದ. ಸೂರ್ಯನಿಗೆ ಅದು ಗೊತ್ತಿತ್ತು, ಒಳಗೊಳಗೇ ಚುಚ್ಚುತ್ತಲೂ ಇತ್ತು.

ಕಟ್ಟು ಮಹಡಿಯ ಅಂಚಿನ ಮೇಲೆ ಬಂದಾಗ, ಕಂಬಗಳ ನಡುವಿನ ಜಾಗ ಸರಿಯಾಗಿ ಕಾಣಲೆಂದು ವಾಜಿದ್ ಎಡಕ್ಕೆ ತಿರುಗಿ ಪೂರ್ತಿ ಮುಂದೆ ಬಾಗಿದ. ಅಷ್ಟರಲ್ಲಿ ಸೀನು ಬಂತು.

ಒಂದೇ ಸೀನು. ಸೊಂಟದ ಎಡಭಾಗದಲ್ಲಿ ಯಾರೋ ಕಬ್ಬಿಣದ ಕೊಂಡಿ ಹಾಕಿ ಎಳೆದಂತಾಯಿತು. ಬಾಯಿಂದ ಸದ್ದೂ ಹೊರಡಲಿಲ್ಲ. ಎರಡೂ ಲಿವರುಗಳನ್ನು ಬಿಟ್ಟ. ಅವು ತಾವಾಗಿ ಮಧ್ಯಕ್ಕೆ ಬಂದು ಬ್ರೇಕು ಹಿಡಿಯಿತು. ವಾಜಿದ್ ಬಾಗಿದವನು ಬಾಗಿದಂತೆಯೇ ಉಳಿದ. ಎದೆ ಬಲತೊಡೆಗೆ ತಾಗಿತ್ತು, ಹಣೆ ಮುಂದಿನ ಗಾಜಿಗೆ ಒತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದು ತನ್ನದೇ ಬೂಟು, ಅದರಾಚೆ ಬಹಳ ಕೆಳಗೆ ಸಿಮೆಂಟಿನ ಬೂದು ಬಣ್ಣ.

“ಭಾಯ್, ಯಾಕೆ ನಿಲ್ಸಿದ್ರಿ?” ವಾಕಿಟಾಕಿಯಲ್ಲಿ ಸೂರ್ಯನ ದನಿ. “ಸರಿಯಾಗೇ ಇತ್ತು. ಇನ್ನೊಂಚೂರು ಎಡಕ್ಕೆ.”

ಮೇಲೇಳಲು ನೋಡಿದ. ಒಂದು ಬೆರಳಿನಷ್ಟು ಎದ್ದದ್ದೇ ತಡ, ನೋವು ಮೊಳಕಾಲಿನವರೆಗೆ ಹೊಡೆದು ಕಣ್ಣು ಕತ್ತಲಾಯಿತು. ಮತ್ತೆ ಗಾಜಿಗೆ ಹಣೆ ಇಟ್ಟ. ಅಷ್ಟರಲ್ಲಿ ಕ್ಯಾಬಿನ್ನು ಸಣ್ಣಗೆ ಅಲುಗಿತು. ತಲೆಯ ಮೇಲಿನ ಗಾಳಿಮಾಪಕದ ಹಳದಿ ದೀಪ ಹತ್ತಿದ್ದು ಗಾಜಿನ ಪ್ರತಿಫಲನದಲ್ಲಿ ಕಂಡಿತು.

ಹಳದಿಯ ನಂತರ ಬರುವುದು ಕೆಂಪು. ಕೆಂಪು ಬಂದರೆ ಕ್ರೇನಿನ ಉದ್ದ ತೋಳಿನ ಬ್ರೇಕು ಬಿಟ್ಟು ಅದನ್ನು ಗಾಳಿ ಬೀಸಿದ ಕಡೆಗೆ ತಿರುಗಲು ಬಿಡಬೇಕು. ಹಿಡಿದು ನಿಲ್ಲಿಸಿದರೆ ಬುಡಕ್ಕೇ ಅಪಾಯ. ಆದರೆ ಕೊಕ್ಕೆಯಲ್ಲಿ ಕಂಬಿ ನೇತಾಡುತ್ತಿರುವಾಗ ತೋಳನ್ನು ಬಿಟ್ಟರೆ ಅದು ತಿರುಗಿ ನಿಲ್ಲುವುದು ಹಳೇ ಮದ್ರಾಸು ರಸ್ತೆಯ ಮೇಲೆ. ಅಲ್ಲಿ ಬಸ್ಸುಗಳಿವೆ, ನಿಲ್ದಾಣದಲ್ಲಿ ಜನ ಇದ್ದಾರೆ. ಬಿಡುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ. ಕಟ್ಟು ಮೊದಲು ಇಳಿಯಬೇಕು.

“ಭಾಯ್? ವಾಜಿದ್ ಭಾಯ್, ಕೇಳಿಸ್ತಿದ್ಯಾ?”

ಆ ವಾಕಿಟಾಕಿ ಸೈಟಿನ ಎಲ್ಲರ ಕೈಯಲ್ಲೂ ಇರುವಂಥದ್ದು. ಇಲ್ಲಿ ಆಡಿದ ಮಾತು ಕಚೇರಿಗೂ ಕೇಳುತ್ತದೆ, ಗೇಟಿಗೂ ಕೇಳುತ್ತದೆ. ವಾಜಿದ್ ಗುಂಡಿಯ ಮೇಲೆ ಬೆರಳಿಟ್ಟ. ಮೋಟಾರು ಕೆಟ್ಟಿದೆ ಎಂದುಬಿಡಲೇ ಎಂಬ ಯೋಚನೆ ಬಂತು. ಹಾಗೆಂದರೆ ಮೆಕ್ಯಾನಿಕ್ಕು ಏಣಿ ಹತ್ತುತ್ತಾನೆ. ಅವನು ಬಂದು ತಲುಪುವ ಹೊತ್ತಿಗೆ ಗಾಳಿ ಕಾಯುವುದಿಲ್ಲ. ಕೆಳಗೆ ಕಂಬಿಯ ಕಟ್ಟು ನಿಧಾನಕ್ಕೆ ತನ್ನ ಸುತ್ತ ತಾನೇ ತಿರುಗತೊಡಗಿತ್ತು. ಅದರ ನೆರಳು ಮಹಡಿಯ ಅಂಚಿನಾಚೆಗೆ ಹೋಗಿ ಬರುತ್ತಿತ್ತು.

“ಸೂರ್ಯ,” ಎಂದ. “ನನ್ ಸೊಂಟ ಹಿಡ್ಕೊಂಡಿದೆ. ಏಳೋಕಾಗ್ತಿಲ್ಲ. ಕೆಳಗಿರೋರ್ನ ಎಲ್ಲಾ ದೂರ ಕಳಿಸು.”

ಕೂಡಲೇ ವಾಕಿಟಾಕಿಯಲ್ಲಿ ಗಾಳಿಯ ಸದ್ದು, ಸೂರ್ಯ ಯಾರ್ಯಾರನ್ನೋ ಕೂಗುವುದು, ಹಲಗೆಗಳ ಮೇಲೆ ಓಡುವ ಹೆಜ್ಜೆಗಳು.

ಸೇಫ್ಟಿ ಆಫೀಸರ್ ಮುಕ್ತಾರ್ ವಾಕಿಟಾಕಿಗೆ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಾಜಿದನಿಗೆ ಅದೇ ಹೆಚ್ಚು ಭಯವೆನಿಸಿತು. “ಎಲ್ಲರೂ ದೂರ ಹೋದ್ರು. ಕಲ್ಯಾಣ ನಗರದ ಸೈಟಿಂದ ಹಬೀಬ್‌ನ ಕರೆಸ್ತಿದೀನಿ, ಅವ್ನು ಹತ್ತಿ ಬಂದು ನಿನ್ನ ಜಾಗದಲ್ಲಿ ಕೂರ್ತಾನೆ. ಆದ್ರೆ ರಿಂಗ್ ರೋಡಲ್ಲಿ ಸಿಕ್ಕಾಕೊಂಡಿದಾನೆ. ಅಲ್ಲಿವರೆಗೂ ತಡಿಯುತ್ತಾ?”

“ಹಳದಿ ಬಂದಿದೆ ಸರ್.”

ಹಬೀಬ್ ಬರುವವರೆಗೆ ತಡೆಯದು. ಅದು ಇಬ್ಬರಿಗೂ ಗೊತ್ತಿತ್ತು.

“ಯಾವ ಡಾಕ್ಟರ್ ಹತ್ರ ತೋರಿಸಿದೀಯ?” ಎಂದು ಮುಕ್ತಾರ್ ಕೇಳಿದರು. ತೋರಿಸಿದ್ದೀಯಾ ಎಂದು ಕೇಳಲಿಲ್ಲ. ವಾಜಿದ್ ಹಲಸೂರಿನ ಕ್ಲಿನಿಕ್ಕಿನ ಹೆಸರು ಹೇಳಿದ. ಮುಕ್ತಾರ್ ತಮ್ಮ ಫೋನಿನಲ್ಲೇ ನಂಬರು ಹುಡುಕಿ ಹಚ್ಚಿ, ಸ್ಪೀಕರ್ ಹಾಕಿ ವಾಕಿಟಾಕಿಯ ಬಾಯಿಗೆ ಹಿಡಿದರು.

“ವಾಜಿದ್ ಅವ್ರೇ, ಭಾಗ್ಯಲಕ್ಷ್ಮಿ ಮಾತಾಡ್ತಿರೋದು. ಮೊದ್ಲು ನಾನ್ ಕೇಳಿದ್ದಕ್ಕೆ ಉತ್ತರ ಕೊಡಿ. ಎರಡೂ ಕಾಲಿನ ಹೆಬ್ಬೆರಳು ಬೂಟಿನೊಳಗೆ ಮೇಲಕ್ಕೆ ಎತ್ತೋಕಾಗುತ್ತಾ?”

ಎತ್ತಿ ನೋಡಿದ. “ಆಗುತ್ತೆ.”

“ತೊಡೆಗಳ ಸಂದಿಯಲ್ಲಿ, ಮೂತ್ರದ ಜಾಗದಲ್ಲಿ ಜೋಮು ಹಿಡಿದಂಗೆ ಇದ್ಯಾ? ಗೊತ್ತಿಲ್ದೆ ಬಟ್ಟೆ ಒದ್ದೆ ಆಗಿದ್ಯಾ?”

ಇಡೀ ಸೈಟು ಕೇಳಿಸಿಕೊಳ್ಳುತ್ತಿತ್ತು. ವಾಜಿದ್ ಕಣ್ಣು ಮುಚ್ಚಿದ. “ಇಲ್ಲ ಮೇಡಂ.”

“ಸರಿ. ಇದ್ದಿದ್ರೆ ಏನೂ ಮುಟ್ಬೇಡಿ, ಆಸ್ಪತ್ರೆ ಅಂತಿದ್ದೆ. ಈಗ ಕೇಳಿ. ಎದ್ದೇಳೋ ಪ್ರಯತ್ನ ಬಿಟ್ಬಿಡಿ. ಬೆನ್ನನ್ನೂ ಈಗ್ಲೇ ಮುಟ್ಬೇಡಿ, ಅದು ಈಗ ಯಾರ ಮಾತೂ ಕೇಳಲ್ಲ. ಬಾಯಿಂದ ಉಸಿರು ಬಿಡಿ, ದೀಪ ಆರದ ಹಾಗೆ ಊದ್ತೀರಲ್ಲ, ಅಷ್ಟು ಮೆಲ್ಲಗೆ.”

ಊದಿದ. ಗಾಜಿನ ಮೇಲೆ ಮಂಜು ಕಟ್ಟಿತು, ಆರಿತು. ಮತ್ತೆ ಊದಿದ. ಕ್ಯಾಬಿನ್ನು ಈಗ ಕಿರುಗುಟ್ಟುತ್ತಿತ್ತು.

“ಎಡಗೈ ಮುಷ್ಟಿ ಮಾಡಿ ಎಡಗಡೆ ಪಿರ್ರೆ ಕೆಳಗೆ ತೂರಿಸಿ. ಭಾರ ಅದರ ಮೇಲೆ ಬರ್ಲಿ, ಒತ್ತೋದು ಬೇಡ. ಮುಷ್ಟಿನ ಸೀಟಿನ ಮೇಲೆ ಸ್ವಲ್ಪ ಸ್ವಲ್ಪ ಸರಿಸಿ. ಗಂಟು ಸಿಗುತ್ತೆ. ಸಿಕ್ತಾ?”

ಸಿಕ್ಕಿತು. ಅಡಿಕೆಯಷ್ಟು ಗಟ್ಟಿ. ಮುಟ್ಟಿದ ಕೂಡಲೇ ಮೈಯೆಲ್ಲ ಬೆವರಿತು, ಹಲ್ಲು ತಾನಾಗಿ ಕಚ್ಚಿಕೊಂಡಿತು.

“ಮಾತಾಡಿ ವಾಜಿದ್ ಅವ್ರೇ. ಮಾತು ನಿಂತಿತು.”

“ಏನ್ ಮಾತಾಡ್ಲಿ ಮೇಡಂ?”

“ಏನಾದ್ರೂ. ಮಧ್ಯಾಹ್ನ ಊಟ ಏನು?”

“ಖೀಮಾ. ಚಪಾತಿ,” ಎಂದ. ಅವನ ದನಿ ಅವನಿಗೇ ವಿಚಿತ್ರವಾಗಿ ಕೇಳಿಸಿತು. “ಡಬ್ಬಿ ಇನ್ನೂ ತೆಗೆದಿಲ್ಲ.” ಹೇಳುತ್ತ ಹೇಳುತ್ತ ದವಡೆ ಸಡಿಲವಾಯಿತು. ಗಂಟು ಕರಗಲಿಲ್ಲ, ಆದರೆ ಅದರ ಸುತ್ತಲಿನ ಮಾಂಸ ಒಂದಿಷ್ಟು ಮೆತ್ತಗಾದಂತೆ ಮುಷ್ಟಿಗೆ ತಿಳಿಯಿತು.

ಆಮೇಲೆ ತೊಡೆ. ಅಂಗೈಯ ಬುಡವನ್ನು ಸೊಂಟದ ಮಡಿಕೆಯಿಂದ ಮಂಡಿಯ ಕಡೆಗೆ ನಿಧಾನಕ್ಕೆ ಜಾರಿಸಬೇಕು, ಹಿಟ್ಟು ನಾದಿದ ಹಾಗೆ. ಇಷ್ಟು ದಿನ ಅವನು ತೊಡೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನೋವು ಬೆನ್ನಿನಲ್ಲಿದ್ದರೆ ತೊಡೆಗೇನು ಕೆಲಸ ಎಂದುಕೊಂಡಿದ್ದ. ಈಗ ಕೈ ಇಳಿದಂತೆಲ್ಲ ಸೊಂಟವನ್ನು ಮುಂದಕ್ಕೆ ಜಗ್ಗಿ ಹಿಡಿದಿದ್ದ ಯಾವುದೋ ಹಗ್ಗದ ಬಿಗಿ ಬಿಡುತ್ತಾ ಬಂತು. ಕೊನೆಗೆ ಗೆಣ್ಣುಗಳಿಂದ ಬೆನ್ನುಮೂಳೆಯ ಪಕ್ಕದ ಮಾಂಸ. ಅಲ್ಲಿ ಮುಟ್ಟಿದಾಗ ಸ್ನಾಯು ಹೆದರಿದ ಕುದುರೆಯಂತೆ ನಡುಗಿತು. ಕೈ ಎತ್ತಿ, ಕಾದು, ಮತ್ತೆ ಇಟ್ಟ.

“ಇದರಿಂದ ವಾಸಿಯಾಗಲ್ಲ,” ಎಂದರು ಭಾಗ್ಯಲಕ್ಷ್ಮಿ. “ಅಲ್ಲಾಡೋಕೆ ಒಂಚೂರು ಜಾಗ ಸಿಗುತ್ತೆ, ಅಷ್ಟೇ. ಈಗ ಎರಡೂ ಕೈ ತೊಡೆ ಮೇಲೆ ಊರಿ, ಕೈಯಿಂದಾನೇ ಮೇಲಕ್ಕೆ ಹತ್ತಿ. ಬೆನ್ನಿಂದ ಎತ್ಬೇಡಿ.”

ಕೈಯ ಮೇಲೆ ಕೈ ಇಟ್ಟುಕೊಂಡು, ತನ್ನದೇ ಮೈಯನ್ನು ಏಣಿಯಂತೆ ಹತ್ತಿದ. ಒಂದು ಸಲ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಮತ್ತೆ ಕೆಳಗೆ ಬಂದ. ಎರಡನೆಯ ಸಲ ಬೆನ್ನು ಸೀಟಿಗೆ ತಾಗಿತು. ಪಕ್ಕದಲ್ಲಿದ್ದ ಹತ್ತಿಯ ಕೈಗವಸುಗಳನ್ನು ಒಂದರೊಳಗೊಂದು ತುರುಕಿ ಉಂಡೆ ಮಾಡಿ, ಸೀಟಿಗೂ ಸೊಂಟದ ಎಡಮಾಂಸಕ್ಕೂ ನಡುವೆ ಸಿಕ್ಕಿಸಿ, ಅದಕ್ಕೆ ಮೆಲ್ಲಗೆ ಒರಗಿದ. ಕೈಗಳು ಲಿವರುಗಳನ್ನು ತಲುಪಿದವು. ಅಷ್ಟು ಸಾಕಿತ್ತು.

ಆದರೆ ಕೆಳಗೆ ಕಾಣುತ್ತಿರಲಿಲ್ಲ. ನೇರ ಕೂತರೆ ಕಾಣುವುದು ಬರೀ ಆಕಾಶ, ಕೆ.ಆರ್. ಪುರದ ತೂಗುಸೇತುವೆಯ ತಂತಿಗಳು, ಅದರಾಚೆ ಬಿಳಿಯ ಗೋಡೆಯಂತೆ ಬರುತ್ತಿದ್ದ ಮಳೆ. ಬಗ್ಗಿದರೆ ಮತ್ತೆ ಹಿಡಿಯುತ್ತದೆ.

ಕೆಂಪು ದೀಪ ಹತ್ತಿತು. ಎಚ್ಚರಿಕೆಯ ಬಜರು ಕಿವಿ ಸೀಳಿತು.

“ಸೂರ್ಯ,” ಎಂದ ವಾಜಿದ್. “ನಂಗೆ ಕಾಣ್ತಿಲ್ಲ. ನೀನು ಹೇಳಿದಂಗೆ ಮಾಡ್ತೀನಿ.”

“ಪೂರ್ತಿ ನಾನ್ ಹೇಳಿದಂಗೇನಾ?”

“ಪೂರ್ತಿ.”

ಸೂರ್ಯ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. “ಕಟ್ಟು ರಸ್ತೆ ಕಡೆ ತೂಗ್ತಿದೆ. ಈಗ್ಲೇ ಬೇಡ. ವಾಪಸ್ ಬರ್ಲಿ... ಬರ್ತಿದೆ... ಈಗ ಎಡಕ್ಕೆ, ನಿಧಾನ. ಎಡಕ್ಕೆ, ಎಡಕ್ಕೆ. ನಿಲ್ಸಿ.”

ವಾಜಿದ್ ನಿಲ್ಲಿಸಿದ. ತನ್ನ ಕೈ ಏನು ಮಾಡುತ್ತಿದೆಯೆಂದು ಕಾಣದೆ ಅವನು ಎಂದೂ ಲಿವರ್ ಆಡಿಸಿದವನಲ್ಲ. ಅಂಗೈ ಒದ್ದೆಯಾಗಿ ಜಾರುತ್ತಿತ್ತು.

“ಇಳಿಸಿ. ಇಳಿಸಿ... ನಿಲ್ಸಿ, ನಿಲ್ಸಿ.”

ಗಾಳಿಯ ಒಂದು ಹೊಡೆತಕ್ಕೆ ಇಡೀ ಕ್ರೇನು ವಾಲಿ ಮರಳಿತು. ಕೆಳಗೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ವಾಜಿದ್‌ಗೆ ನೋಡಲೇಬೇಕೆನಿಸಿತು; ಕುತ್ತಿಗೆ ತಾನಾಗಿ ಮುಂದೆ ಚಾಚಿತು, ಸೊಂಟ ಕೂಡಲೇ ಎಚ್ಚರಿಸಿತು.

“ಏನಾಯ್ತು? ಯಾರಿಗಾದ್ರೂ...”

“ಯಾರಿಗೂ ಇಲ್ಲ. ಕಂಬಕ್ಕೆ ತಾಗಿ ನಿಂತ್ಕೊಂಡಿದೆ. ಒಳ್ಳೇದೇ ಆಯ್ತು, ತೂಗೋದು ನಿಂತಿತು. ನೋಡೋಕೆ ಹೋಗ್ಬೇಡಿ ಭಾಯ್, ನಾನಿದೀನಿ. ಒಂದು ಗೇಣು ಮೇಲೆ ಎತ್ತಿ. ಹ್ಞಾ. ಬಲಕ್ಕೆ ಚೂರು. ಈಗ ಇಳಿಸಿ. ಇಳಿಸ್ತಾನೇ ಇರಿ... ಇರಿ... ಇರಿ...”

ತೂಕ ತೋರಿಸುವ ಪರದೆಯಲ್ಲಿ ಅಂಕಿ ಇಳಿಯತೊಡಗಿ, ಕೊನೆಗೆ ಸೊನ್ನೆಗೆ ಬಂದು ನಿಂತಿತು. ಹಗ್ಗ ಸಡಿಲಾಯಿತು.

“ಕೂತ್ಕೊಳ್ತು,” ಎಂದ ಸೂರ್ಯ. ತಾನೇ ಓಡಿಹೋಗಿ ಕೊಂಡಿ ಬಿಚ್ಚಿದ. “ಎತ್ಕೊಳ್ಳಿ.”

ವಾಜಿದ್ ಕೊಕ್ಕೆಯನ್ನು ಮೇಲಕ್ಕೆಳೆದು, ತೋಳಿನ ಬ್ರೇಕು ಬಿಟ್ಟ. ಉದ್ದ ತೋಳು ಕ್ಯಾಬಿನ್ ಸಮೇತ ದೊಡ್ಡ ಬಾಗಿಲಿನಂತೆ ನಿಧಾನಕ್ಕೆ ತಿರುಗಿ, ಖಾಲಿಯಾಗಿ, ರಸ್ತೆಯ ಮೇಲೆ ಹೋಗಿ ನಿಂತಿತು. ಮಳೆ ಬಂದು ಗಾಜಿಗೆ ಅಪ್ಪಳಿಸಿತು. ಆಗ ಅವನು ಲಿವರುಗಳಿಂದ ಕೈ ತೆಗೆದು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಮಳೆ ತೆರವಾದ ಮೇಲೆ ಹಬೀಬ್ ಹತ್ತಿ ಬಂದ. ಅವನು ಕೆಳಗಿನ ಮೆಟ್ಟಿಲುಗಳಲ್ಲಿ, ವಾಜಿದ್ ಅವನಿಗಿಂತ ಮೇಲಿನ ಮೆಟ್ಟಿಲುಗಳಲ್ಲಿ, ಇಬ್ಬರಿಗೂ ಸುರಕ್ಷಾ ಬೆಲ್ಟು, ಹೀಗೆ ಇಳಿದರು. ಏಣಿಯ ನಡುನಡುವೆ ನಿಲ್ಲಲೆಂದು ಇದ್ದ ಪ್ರತಿ ಕಟ್ಟೆಯಲ್ಲೂ ನಿಂತು ವಾಜಿದ್ ಪಿರ್ರೆಗೆ ಮುಷ್ಟಿ ಒತ್ತಿ ಉಸಿರು ಬಿಡುತ್ತಿದ್ದ; ಹಬೀಬ್ ಆತುರಪಡಿಸಲಿಲ್ಲ.

ಕೆಳಗೆ ಮುಕ್ತಾರ್ ಕಾಯುತ್ತಿದ್ದರು. “ಎಷ್ಟು ದಿನದಿಂದ?” ಎಂದು ಕೇಳಿದರು.

“ಚಳಿಗಾಲದಿಂದ ಸರ್.”

“ನಾನು ಕೇಳಿದಾಗೆಲ್ಲ ಇಲ್ಲ ಅಂದೆ.”

“ಹೌದು ಸರ್.”

ಮುಕ್ತಾರ್ ಅವನ ಆಪರೇಟರ್ ಪಾಸನ್ನು ಕುತ್ತಿಗೆಯಿಂದ ತೆಗೆದುಕೊಂಡರು. “ಡಾಕ್ಟರ್ ಬರೆದು ಕೊಡೋವರೆಗೂ ಇದು ನನ್ನ ಹತ್ರ ಇರುತ್ತೆ,” ಎಂದರು. ಆಮೇಲೆ ತಾವೇ ಜೀಪಿನ ಬಾಗಿಲು ತೆಗೆದು, ಅವನು ಕೂರುವವರೆಗೆ ತೋಳು ಹಿಡಿದು ನಿಂತರು. ಗೇಟಿನಲ್ಲಿ ಬಷೀರ್ ಅಡ್ಡಗಂಬ ಎತ್ತಿದ. ಜೀಪು ನಿಲ್ಲಿಸಲು ಕೈ ತೋರಿಸಿ, ಕಿಟಕಿಯೊಳಗೆ ಬಗ್ಗಿ, “ಮನೇಲಿ ನಾನು ಫೋನ್ ಮಾಡಿ ಹೇಳಿದೀನಿ. ಹೆದರಿಸಿಲ್ಲ,” ಎಂದ. ವಾಜಿದ್ ಈ ಸಲ ಅವನ ಮುಖ ನೋಡಿದ. ಅವನ ಕೈ ಹಿಡಿದುಕೊಂಡ.

ಜಹನಾರಾ ಬಾಗಿಲಲ್ಲೇ ನಿಂತಿದ್ದಳು. ಚಾಪೆ ಹಾಸಿ, ಮಂಡಿಯ ಕೆಳಗೆ ದಿಂಬು ಕೊಟ್ಟು ಮಲಗಿಸಿದಳು. ಆಮೇಲೆ ಪಕ್ಕದಲ್ಲಿ ಕೂತಳು.

“ಹಾಸಿಗೆ ಹಳೇದಾಯ್ತು ಅಂದ್ರಿ,” ಎಂದಳು, ತಮ್ಮ ಮನೆಮಾತಿನಲ್ಲಿ. “ನಾನು ಹೊಸ ಹತ್ತಿ ಹಾಕಿಸಿದೆ.”

ಅವಳು ಎದ್ದುಹೋಗಿ ಚಹಾ ತಂದಿಟ್ಟಳು, ಸಕ್ಕರೆ ಹಾಕುವುದನ್ನು ಮರೆತಿದ್ದಳು. ಅವನು ಹಾಗೆಯೇ ಕುಡಿದ.

ಸ್ಕ್ಯಾನಿನಲ್ಲಿ ಒಂದು ಡಿಸ್ಕು ಸ್ವಲ್ಪ ಉಬ್ಬಿದ್ದು ಕಂಡಿತು, ಆಪರೇಷನ್ ಬೇಡವೆಂದರು. ಮಳೆಗಾಲವೆಲ್ಲ ವಾಜಿದ್ ಹಲಸೂರಿಗೆ ಹೋಗಿಬಂದ. ಈಗ ನೋವು ಇದ್ದರೂ ಇಲ್ಲದಿದ್ದರೂ ಬೆಳಗಿನ ನಮಾಜಿನ ನಂತರ ಗೋಡೆಗೊರಗಿ ಬೆನ್ನು, ಆಮೇಲೆ ಪಿರ್ರೆ, ಆಮೇಲೆ ತೊಡೆ, ಕೊನೆಗೆ ನಿಧಾನವಾಗಿ ಹಿಗ್ಗಿಸುವುದು. ಜಹನಾರಾ ಅಡುಗೆಮನೆಯಿಂದ ಮಾತಾಡಿಸುತ್ತಿರುತ್ತಾಳೆ. ಅವನು ಉತ್ತರಿಸದೆ ಹೋದರೆ ಬಂದು ಇಣುಕುತ್ತಾಳೆ.

ನಡೆದಾಡುವ ಹಾಗಾದ ಮೇಲೆ ಮುಕ್ತಾರ್ ಅವನನ್ನು ಸಂಜ್ಞೆ ಕೊಡುವ ಕೆಲಸಕ್ಕೆ ಹಾಕಿದರು. ಮೇಲೆ ಹಬೀಬ್ ಕೂರುತ್ತಾನೆ, ಜೊತೆಗೆ ಸೂರ್ಯ ಆಪರೇಟರ್ ಕೆಲಸ ಕಲಿಯುತ್ತಿದ್ದಾನೆ. ಮೊದಲ ದಿನ ವಾಜಿದ್ ವಾಕಿಟಾಕಿ ಹಿಡಿದು ಮಹಡಿಯ ಅಂಚಿನಲ್ಲಿ ನಿಂತ. ಲಿವರು ತನ್ನ ಕೈಯಲ್ಲೇ ಇದ್ದಾಗ ತಪ್ಪಿದರೆ ತಿದ್ದಬಹುದಿತ್ತು. ಇಲ್ಲಿ ಇರುವುದು ಬರೀ ಮಾತು. ಪಾಸು ವಾಪಸು ಬಂದರೆ ಮತ್ತೆ ಹತ್ತುತ್ತೀಯಾ ಎಂದು ಹಬೀಬ್ ಒಮ್ಮೆ ಕೇಳಿದ. ಹತ್ತಬೇಕೆಂಬ ಆಸೆ ಇದೆ, ಹತ್ತಲೇಬೇಕೆಂಬ ಹಟ ಹೋಗಿದೆ ಎಂದು ವಾಜಿದ್‌ಗೆ ಅನ್ನಿಸಿತು. ಬಾಯಲ್ಲಿ ಮಾತ್ರ, “ನೋಡೋಣ” ಎಂದ. ತಲೆ ಎತ್ತಿದರೆ ಕಂಬಿಯ ಕಟ್ಟು ಬರುತ್ತಿತ್ತು.

“ಬಲಕ್ಕೆ,” ಎಂದ ವಾಕಿಟಾಕಿಯಲ್ಲಿ. “ನಿಧಾನ. ನಿಧಾನ.”